ಮೊದಲು ನೀರು ಸಾಕಿರಿ, ಆಮೇಲೆ ಮೀನು



ಹೋದ ತಿಂಗಳು ಕಡಲಂಚಿನ ಒಂದು ಹಳ್ಳಿಯ ಮಹಿಳಾ ಸಂಘದ ಸಭೆಗೆ ಹೋಗಿದ್ದೆ. ಭತ್ತದ ಬೀಜೋಪಚಾರದ ಮಾತು ಮುಗಿದ ಮೇಲೆ ಒಬ್ಬ ಅಕ್ಕ ಎದ್ದು ನಿಂತು, "ಗಾಜಿನ ತೊಟ್ಟಿಯಲ್ಲಿ ಸಮುದ್ರದ ಬಣ್ಣದ ಮೀನು ಸಾಕಿ ಪೇಟೆಗೆ ಮಾರಬಹುದಂತೆ. ಸಂಘದಲ್ಲಿ ಸ್ವಲ್ಪ ಉಳಿತಾಯದ ಹಣ ಇದೆ. ಅದಕ್ಕೆ ಹಾಕಬಹುದೋ ಬೇಡವೋ, ನೀವೇ ಹೇಳಿ" ಎಂದು ಕೇಳಿದರು. ನನಗೆ ಕೂಡಲೆ ಉತ್ತರ ಹೇಳಲಾಗಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡವನು. ಅಂದು ಹೇಳಲಾಗದ ಉತ್ತರವನ್ನು ಇಂದು ಈ ಪಾಠದಲ್ಲಿ ಕೊಡುತ್ತಿದ್ದೇನೆ.

ಉತ್ತರ ಇಷ್ಟೆ: ಹಾಕಬಹುದು. ಆದರೆ ಮೊದಲ ವರ್ಷ ಒಂದೇ ತೊಟ್ಟಿ, ಎರಡೇ ಮೀನು. ಆ ಎರಡನ್ನು ಒಂದು ವರ್ಷ ಬದುಕಿಸಿದವರು ಮಾತ್ರ ಮುಂದಿನ ಹಣವನ್ನು ಹೂಡತಕ್ಕದ್ದು. ಹೇಗೆ ಬದುಕಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

1. ಹವಳದ ದಿಬ್ಬ ಎಂದರೇನು?

ಬೆಚ್ಚಗಿನ, ತಿಳಿಯಾದ ಸಮುದ್ರದಲ್ಲಿ ಹವಳ ಎಂಬ ಸಣ್ಣ ಪ್ರಾಣಿಗಳು ಒಟ್ಟಾಗಿ ಬಾಳುತ್ತವೆ. ಅವು ತಮ್ಮ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಸಾವಿರಾರು ವರ್ಷ ಗೂಡಿನ ಮೇಲೆ ಗೂಡು ಬೆಳೆದು ದಿಬ್ಬವಾಗುತ್ತದೆ. ಲಕ್ಷದ್ವೀಪದ ದ್ವೀಪಗಳು ಹೀಗೆ ಆದವು. ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಬಣ್ಣಬಣ್ಣದ ಸಣ್ಣ ಮೀನುಗಳಿಗೆ ಈ ದಿಬ್ಬವೇ ಮನೆ. ಇಂಥ ದಿಬ್ಬದ ಒಂದು ಮೂಲೆಯನ್ನು ಗಾಜಿನ ತೊಟ್ಟಿಯಲ್ಲಿ ಕಟ್ಟುವುದೇ ನಮ್ಮ ಇಂದಿನ ಪಾಠ.

ಇಲ್ಲಿ ಮೊದಲೇ ಒಂದು ಎಚ್ಚರಿಕೆ. ಹವಳವನ್ನಾಗಲಿ, ಹವಳದ ಕಲ್ಲನ್ನಾಗಲಿ ಸಮುದ್ರದಿಂದ ಕಿತ್ತು ತರಬಾರದು, ಮಾರಬಾರದು, ಕೊಳ್ಳಲೂ ಬಾರದು. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001 ರಲ್ಲಿ ಹವಳಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಸಮುದ್ರ ಕುದುರೆಯೂ ಹಾಗೆಯೇ. ಕಾಯಿದೆಯ ಮಾತು ಒಂದು ಕಡೆ ಇರಲಿ. 1998 ರಲ್ಲಿ ಸಮುದ್ರದ ನೀರು ಅತಿಯಾಗಿ ಕಾದು ಲಕ್ಷದ್ವೀಪದ ಹವಳಗಳು ಬೆಳ್ಳಗಾಗಿ ಬಹುಪಾಲು ಸತ್ತವು. ಅಳಿದು ಉಳಿದುದನ್ನು ನಾವು ಕೀಳಬಾರದು. ಆದುದರಿಂದ ನಮ್ಮ ತೊಟ್ಟಿಯಲ್ಲಿ ಹವಳವಿಲ್ಲ. ನಾವೇ ಎರಕ ಹೊಯ್ದ ಕಲ್ಲುಗಳಿರುತ್ತವೆ.

2. ತೊಟ್ಟಿ ಮತ್ತು ಜಾಗ

3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸಾಕು. ಗಾಜು 10 ಮಿಲಿಮೀಟರ್ ದಪ್ಪವಿರಲಿ. ಮೇಲೆ ಸ್ವಲ್ಪ ಜಾಗ ಬಿಟ್ಟು, ಕಲ್ಲು ಇಟ್ಟ ಮೇಲೆ, ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಸಣ್ಣದು ಸುಲಭವೆಂದು ಹೊಸಬರು ತಿಳಿಯುತ್ತಾರೆ. ಅದು ತಪ್ಪು. ಬಾನಿಯಲ್ಲಿ ಬಿದ್ದ ಹನಿ ವಿಷ ತಂಬಿಗೆಯಲ್ಲಿ ಬಿದ್ದರೆ ಏನಾದೀತು, ಯೋಚಿಸಿ ನೋಡಿ. ನೀರು ಹೆಚ್ಚಿದ್ದಷ್ಟೂ ನಮ್ಮ ತಪ್ಪನ್ನು ಅದು ತಾಳಿಕೊಳ್ಳುತ್ತದೆ.

ನೀರು, ಕಲ್ಲು, ಗಾಜು ಸೇರಿ ತೊಟ್ಟಿ ಎರಡು ಕ್ವಿಂಟಲಿಗೂ ಮೇಲೆ ತೂಗುತ್ತದೆ. ಅಲುಗಾಡದ, ಮಟ್ಟವಾದ ಕಟ್ಟೆಯ ಮೇಲೆ ಇಡಿ. ಬಿಸಿಲು ನೇರವಾಗಿ ಬೀಳಬಾರದು. ಒಲೆಯ ಹೊಗೆ ತಾಗಬಾರದು. ಔಷಧಿ ಸಿಂಪಡಿಸುವ ಪಂಪು ಇಡುವ ಕೊಟ್ಟಿಗೆಯಂತೂ ಬೇಡವೇ ಬೇಡ. ನೀರು ತಿರುಗಿಸುವ ಪಂಪು ಒಂದು, ಗಾಳಿ ಪಂಪು ಒಂದು ಬೇಕು. ಉಪ್ಪು ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಆದುದರಿಂದ ಪ್ರತಿಯೊಂದು ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಬಿದ್ದು, ಅಲ್ಲಿಂದ ಮೇಲಕ್ಕೆ ಹೋಗುವಂತೆ ಮಾಡಿ. ಆಗ ವೈರಿನ ಗುಂಟ ಇಳಿದ ನೀರು ಸಾಕೆಟ್ಟನ್ನು ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸುವುದನ್ನು ಮಕ್ಕಳಿಗೂ ಕಲಿಸಿ.

3. ಕಲ್ಲು

ಬಳಚು ಬೇಯಿಸಿ ತಿಂದ ಮೇಲೆ ಚಿಪ್ಪನ್ನು ಎಸೆಯುತ್ತೇವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಿಪ್ಪನ್ನು ತೊಳೆದು ಒಣಗಿಸಿ ಜಜ್ಜಿರಿ. ಸಿಮೆಂಟು 1 ಪಾಲು, ಚಿಪ್ಪಿನ ಚೂರು 2 ಪಾಲು, ಹರಳುಪ್ಪು 2 ಪಾಲು ಸೇರಿಸಿ, ಕಡಿಮೆ ನೀರು ಹಾಕಿ ಗಟ್ಟಿಯಾಗಿ ಕಲಸಿ, ಮರಳಿನಲ್ಲಿ ತೋಡಿದ ಗುಳಿಗಳಲ್ಲಿ ತುಂಬಿ. ಗಟ್ಟಿಯಾದ ಮೇಲೆ ಸಿಹಿ ನೀರಿನಲ್ಲಿ ಮುಳುಗಿಸಿಡಿ. ಉಪ್ಪು ಕರಗಿ ಹೋಗಿ ಕಲ್ಲಿನ ತುಂಬ ತೂತುಗಳಾಗುತ್ತವೆ. ಆ ತೂತುಗಳೇ ನಮಗೆ ಬೇಕಾದುದು. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಹೊಸ ಸಿಮೆಂಟು ತೊಟ್ಟಿಯಲ್ಲಿ ಕೂಡಲೆ ಮೀನು ಬಿಟ್ಟರೆ ಸಾಯುತ್ತದೆಂಬುದು ನಿಮಗೆ ಗೊತ್ತು. ಅದೇ ಕಾರಣಕ್ಕೆ ಈ ಕಲ್ಲುಗಳನ್ನೂ 6 ರಿಂದ 8 ವಾರ ನೀರಿನಲ್ಲಿಟ್ಟು, ಆಗಾಗ ನೀರು ಬದಲಿಸಬೇಕು. ಸಿಮೆಂಟಿನ ಖಾರ ಇಳಿದು ಹೋಗಬೇಕು.

4. ನೀರು

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಅಡಿಗೆ ಉಪ್ಪು ಸುಮಾರು 27 ಗ್ರಾಂ ಮಾತ್ರ. ಉಳಿದುದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳ ಲವಣ. ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಹರಳುಗಟ್ಟಿದ ಮೇಲೆ ಒಂದು ಕಹಿ ನೀರು ಉಳಿಯುತ್ತದೆಯಲ್ಲ? ಮೆಗ್ನೀಸಿಯಂ ಲವಣ ಹೆಚ್ಚಾಗಿ ಆ ನೀರಿನಲ್ಲೇ ಉಳಿದುಬಿಡುತ್ತದೆ. ಆದುದರಿಂದ ಬಾವಿ ನೀರಿಗೆ ಅಡಿಗೆ ಉಪ್ಪು ಕಲಸಿದರೆ ಕಡಲ ನೀರಾಗುವುದಿಲ್ಲ. ಒಳನಾಡಿನವರು ಮೀನಿನ ತೊಟ್ಟಿಗೆಂದೇ ಸಿದ್ಧವಾದ ಸಮುದ್ರ ಲವಣವನ್ನು ಕೊಳ್ಳಬೇಕು. ನಮಗೆ ಕಡಲು ಹತ್ತಿರವಿದೆ.

ಆದರೆ ಎಲ್ಲ ಕಾಲದ ಕಡಲ ನೀರೂ ಆಗುವುದಿಲ್ಲ. ಮಳೆಗಾಲದಲ್ಲಿ ನದಿಗಳ ನೆರೆ ನೀರು ಸೇರಿ ದಡದ ನೀರು ಕದಡಿ, ಉಪ್ಪಿನಂಶ ಇಳಿದುಬಿಡುತ್ತದೆ. ಫೆಬ್ರವರಿಯಿಂದ ಮೇ ಮೊದಲ ಭಾಗದ ಒಳಗೆ ನೀರು ತನ್ನಿ. ಅಳಿವೆ ಮತ್ತು ದೋಣಿ ನಿಲ್ಲುವ ಕಡೆಯಿಂದ ದೂರದ ತೆರೆದ ದಡದಲ್ಲಿ, ಉಬ್ಬರದ ಹೊತ್ತಿನಲ್ಲಿ ತುಂಬಿಕೊಳ್ಳಿ. ಮಡಿಸಿದ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಎರಡು ಮೂರು ವಾರ ಇಟ್ಟು, ತಳದ ಗಷ್ಟು ಕದಡದಂತೆ ಮೇಲಿನ ತಿಳಿಯನ್ನು ಬಳಸಿ.

ಭತ್ತದ ಬೀಜ ಆರಿಸಲು ಉಪ್ಪು ನೀರಿನಲ್ಲಿ ಕೋಳಿ ಮೊಟ್ಟೆ ತೇಲಿಸಿ ಹದ ನೋಡುತ್ತೀರಿ. ಇಲ್ಲಿ ಆ ಪರೀಕ್ಷೆ ನಡೆಯದು. ಕಡಲ ನೀರಿನಲ್ಲಿ ತಾಜಾ ಮೊಟ್ಟೆ ಮುಳುಗುತ್ತದೆ. ಆದುದರಿಂದ ಹೈಡ್ರೋಮೀಟರ್ ಎಂಬ ಸಣ್ಣ ಉಪಕರಣ ಕೊಳ್ಳಿ. ಅದು 1.023 ರಿಂದ 1.026 ರ ಒಳಗೆ ತೋರಿಸಬೇಕು. ನೀರಿನ ಶಾಖ 25 ರಿಂದ 28 ಡಿಗ್ರಿ ಸೆಂಟಿಗ್ರೇಡ್ ಇರಲಿ. ಬೇಸಗೆಯಲ್ಲಿ ಮೇಲ್ಮೈಗೆ ಅಡ್ಡಲಾಗಿ ಸಣ್ಣ ಫ್ಯಾನು ಬೀಸಿಸಿದರೆ ನೀರು ಒಂದೆರಡು ಡಿಗ್ರಿ ತಣಿಯುತ್ತದೆ.

5. ಕಣ್ಣಿಗೆ ಕಾಣದ ಕೆಲಸಗಾರರು

ಈ ಪಾಠದ ಜೀವಾಳ ಇದು. ದಯವಿಟ್ಟು ನಿಧಾನವಾಗಿ ಓದಿ.

ಮೀನು ಉಸಿರಾಡುವಾಗ ಕಿವಿರುಗಳಿಂದ ಅಮೋನಿಯಾ ಹೊರಬೀಳುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಸಮುದ್ರ ದೊಡ್ಡದು, ಅಲ್ಲಿ ಕರಗಿ ಹೋಗುತ್ತದೆ. 150 ಲೀಟರಿನಲ್ಲಿ ಎಲ್ಲಿಗೆ ಹೋದೀತು?

ನಿಮ್ಮ ಗದ್ದೆಯನ್ನು ನೆನೆಯಿರಿ. ಅಮೋನಿಯಂ ಸಲ್ಫೇಟು ಹಾಕಿದರೆ ಗಾಳಿಯಾಡುವ ಮಣ್ಣಿನಲ್ಲಿ ಅದು ಹಾಗೆಯೇ ಉಳಿಯುವುದಿಲ್ಲ. ಮಣ್ಣಿನ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ತೊಟ್ಟಿಯಲ್ಲಿಯೂ ಇದೇ ಕೆಲಸ ಆಗಬೇಕು. ಅಮೋನಿಯಾ ವಿಷ, ನೈಟ್ರೈಟೂ ಮೀನಿಗೆ ಕೇಡು, ನೈಟ್ರೇಟು ಬಹಳ ಸೌಮ್ಯ. ಕಲ್ಲಿನ ತೂತುಗಳಲ್ಲಿ ಈ ಜೀವಿಗಳು ನೆಲೆಸುತ್ತವೆ. ಅವು ತುಂಬಿಕೊಳ್ಳಲು 4 ರಿಂದ 6 ವಾರ ಬೇಕು. ದುಡ್ಡು ಹೆಚ್ಚು ಕೊಟ್ಟರೂ ಆ ದಿನಗಳು ಬೇಗ ಓಡುವುದಿಲ್ಲ.

ಸಭೆಯಲ್ಲಿ ಇದನ್ನು ವಿವರಿಸಿದಾಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಅಜ್ಜ, "ತಮ್ಮಾ, ಇದು ಗೊಬ್ಬರದ ಗುಂಡಿಯ ಲೆಕ್ಕವೇ ಆಯ್ತಲ್ಲ. ಹಸಿ ಸಗಣಿ ಹಾಕಿದರೆ ಸಸಿ ಸುಡುತ್ತದೆ, ಕಳಿತ ಗೊಬ್ಬರ ಹಾಕಿದರೆ ಏಳುತ್ತದೆ" ಎಂದರು. "ಹೌದು ಅಜ್ಜಾ, ಅದೇ ಲೆಕ್ಕ" ಎಂದೆ. ನನ್ನ ಅರ್ಧ ಗಂಟೆಯ ಮಾತನ್ನು ಅವರು ಒಂದು ಉಸಿರಿನಲ್ಲಿ ಮುಗಿಸಿದ್ದರು.

ಮಾಡುವ ಕ್ರಮ: ತೊಟ್ಟಿಯಲ್ಲಿ ಕಲ್ಲು ಜೋಡಿಸಿ, ನೀರು ತುಂಬಿ, ಎರಡೂ ಪಂಪು ಹಗಲು ರಾತ್ರಿ ಓಡಲಿ. ಮೀನು ಬಿಡಬೇಡಿ. ಹೆಬ್ಬೆರಳ ಗಾತ್ರದ ಹಸಿ ಸೀಗಡಿಯ ತುಂಡೊಂದನ್ನು ಹಾಕಿ ಕೊಳೆಯಲು ಬಿಡಿ. ಅದರಿಂದ ಹುಟ್ಟುವ ಅಮೋನಿಯಾವೇ ಆ ಜೀವಿಗಳಿಗೆ ಮೊದಲ ಊಟ. ಬಣ್ಣದ ಪರೀಕ್ಷೆಯ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಪರೀಕ್ಷಿಸಿ ಗೋಡೆಯ ಕಾಗದದಲ್ಲಿ ಬರೆಯಿರಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ. ಆಮೇಲೆ ನೈಟ್ರೈಟು ಏರಿ ಇಳಿಯುತ್ತದೆ. ಕಡೆಗೆ ನೈಟ್ರೇಟು ಕಾಣುತ್ತದೆ. ಮೊದಲಿನ ಎರಡೂ ಸೊನ್ನೆಗೆ ಬಂದು ಒಂದು ವಾರ ಸೊನ್ನೆಯಲ್ಲೇ ನಿಂತರೆ ನೀರು ಹದಕ್ಕೆ ಬಂತೆಂದು ತಿಳಿಯಿರಿ. ಕಾಲು ಭಾಗ ನೀರು ಬದಲಿಸಿ. ಈಗ ಮೀನಿಗೆ ಮನೆ ಸಿದ್ಧ.

6. ಮೀನು ಬಿಡುವುದು

ಹೊಸಬರಿಗೆ ತಕ್ಕ ಮೀನು ಕ್ಲೌನ್ ಮೀನು. ಕಿತ್ತಳೆ ಮೈಗೆ ಬಿಳಿ ಪಟ್ಟೆ. ನಮ್ಮ ಬಯಲಾಟದ ಕೋಡಂಗಿಯಂತೆ ಕುಣಿದಾಡುತ್ತದೆ. ಸಮುದ್ರದಿಂದ ಹಿಡಿದುದನ್ನು ಕೊಳ್ಳಬೇಡಿ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಮರಿಗಳನ್ನೇ ಕೇಳಿ ತನ್ನಿ. ಅವು ತೊಟ್ಟಿಯ ಬಾಳಿಗೆ ಒಗ್ಗಿರುತ್ತವೆ, ಕಡಲಿಗೂ ನಷ್ಟವಿಲ್ಲ.

ಎರಡು ಸಣ್ಣ ಮರಿ ತಂದರೆ ಸಾಕು, ಗಂಡು ಹೆಣ್ಣು ಆರಿಸುವ ಚಿಂತೆ ಬೇಡ. ಈ ಮೀನುಗಳು ಮೊದಲು ಗಂಡಾಗಿರುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಜೊತೆಯ ಗಂಡೇ ಹೆಣ್ಣಾಗುತ್ತದೆ. ಪ್ರಕೃತಿಯ ವಿಚಿತ್ರ!

ತಂದ ಚೀಲವನ್ನು ಕೂಡಲೆ ಸುರಿಯಬಾರದು. ಚೀಲವನ್ನು 20 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ, ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ತೊಟ್ಟಿಯ ನೀರನ್ನು ಚೀಲಕ್ಕೆ ಹಾಕುತ್ತ ಒಂದು ಗಂಟೆ ಕಳೆಯಿರಿ. ಕಡೆಗೆ ಮೀನನ್ನು ಮಾತ್ರ ತೊಟ್ಟಿಗೆ ಬಿಟ್ಟು ಚೀಲದ ನೀರನ್ನು ಹೊರಗೆ ಚೆಲ್ಲಿ.

ಮೂರು ನಾಲ್ಕು ವಾರದ ಮೇಲೆ ಪಾಚಿ ಮೇಯಲು ಮೂರು ನಾಲ್ಕು ಕಡಲ ಬಸವನಹುಳುಗಳನ್ನೂ ಒಂದೆರಡು ಸಣ್ಣ ಬಣ್ಣದ ಸೀಗಡಿಗಳನ್ನೂ ಬಿಡಬಹುದು. ಒಟ್ಟು ನಾಲ್ಕು ಸಣ್ಣ ಮೀನಿಗಿಂತ ಹೆಚ್ಚು ಎಂದಿಗೂ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಮುಂದೆ ಹೊಸ ಮೀನು ತಂದರೆ ಬೇರೆ ಬಾನಿಯಲ್ಲಿ ನಾಲ್ಕು ವಾರ ಇಟ್ಟು, ಮೈಮೇಲೆ ಬಿಳಿ ಚುಕ್ಕೆ ಮೂಡಲಿಲ್ಲವೆಂದು ನೋಡಿಕೊಂಡೇ ತೊಟ್ಟಿಗೆ ಬಿಡಿ.

7. ದಿನದ ಕೆಲಸ, ವಾರದ ಕೆಲಸ

ದಿನಕ್ಕೆ ಎರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಸಣ್ಣಗೆ ಕೊಚ್ಚಿದ ಸೀಗಡಿ ಒಳ್ಳೆಯದು. ಮಿಕ್ಕುದನ್ನು ತೆಗೆದುಬಿಡಿ. ಮೀನು ಬಾಯಿ ತೆರೆದು ಎದುರಿಗೆ ಬಂದಿತೆಂದು ಕರುಣೆಯಿಂದ ಹಾಕುವ ಹಿಡಿಯೇ ಅದಕ್ಕೆ ಮೃತ್ಯು.

ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ. ನೀರು ಆವಿಯಾಗಿ ಇಳಿದಾಗ ಸಿಹಿ ನೀರನ್ನೇ ಸೇರಿಸಿ, ಉಪ್ಪು ನೀರನ್ನಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ 1 ಲೀಟರ್ ಕಡಲ ನೀರು ಸೇರಿಸಿದರೆ ತಿಂಗಳಲ್ಲಿ ಒಂದು ಕಿಲೋಗ್ರಾಂ ಉಪ್ಪು ಹೆಚ್ಚಾಗುತ್ತದೆ. ಲೀಟರಿಗೆ 35 ಗ್ರಾಂ ಇದ್ದುದು 42 ಆಗುತ್ತದೆ. ಕ್ಲೋರಿನ್ ಹಾಕಿದ ನಲ್ಲಿ ನೀರೂ, ಗೊಬ್ಬರ ಹಾಕುವ ತೋಟದ ಪಕ್ಕದ ಬಾವಿ ನೀರೂ ಬೇಡ. ಬಟ್ಟೆ ಕಟ್ಟಿ ನೇರವಾಗಿ ಹಿಡಿದ ಮಳೆ ನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರು ಒಳ್ಳೆಯದು.

ವಾರಕ್ಕೊಮ್ಮೆ 15 ಲೀಟರ್ ಹಳೆಯ ನೀರು ತೆಗೆದು ಅಷ್ಟೇ ಹೊಸ ಕಡಲ ನೀರು ಹಾಕಿ. ಉಳಿದ ನೈಟ್ರೇಟನ್ನು ಹೊರಗೆ ಹಾಕುವ ದಾರಿ ಇದೇ. ತೆಗೆದ ನೀರನ್ನು ತೋಟಕ್ಕೂ ಬಾವಿಯ ಹತ್ತಿರಕ್ಕೂ ಚೆಲ್ಲಬೇಡಿ.

8. ನಾನು ಮಾಡಿದ ತಪ್ಪು

ಇನ್ನು ನನ್ನ ಕಥೆ. ಎರಡು ವರ್ಷದ ಹಿಂದೆ ನನ್ನ ಬಾಡಿಗೆ ಕೋಣೆಯಲ್ಲಿ ಇಂಥದೇ ತೊಟ್ಟಿ ಇಟ್ಟಿದ್ದೆ. ಆರು ವಾರ ಕಾದೆ, ಮೀನು ಬಿಟ್ಟೆ, ಐದು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಕಡಲ ನೀರು ತರಲು ಡ್ರಮ್ಮು ಸಾಲಲಿಲ್ಲ. ಮನೆಯ ಹಿಂದೆ ಒಂದು ಪ್ಲಾಸ್ಟಿಕ್ ಡ್ರಮ್ಮು ಇತ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತ ಕರಗಿಸಿದ ಡ್ರಮ್ಮು ಅದು. ನಾನೇ ತೋಟಗಳಲ್ಲಿ ನಿಂತು ಆ ದ್ರಾವಣ ಮಾಡಿ ತೋರಿಸುವವನು! ಮೂರು ಸಲ ತೊಳೆದೆ, ಇನ್ನೇನು ಎಂದುಕೊಂಡೆ. ಅದರಲ್ಲಿ ತಂದ ನೀರನ್ನು ತೊಟ್ಟಿಗೆ ಹಾಕಿದೆ.

ಬೆಳಗಾಗುವುದರೊಳಗೆ ಸೀಗಡಿಗಳು ಮಗುಚಿ ಬಿದ್ದಿದ್ದವು. ಬಸವನಹುಳುಗಳು ಗಾಜು ಬಿಟ್ಟು ತಳ ಸೇರಿದ್ದವು. ನಾನು ಆ ದಿನ ದೂರದ ಹಳ್ಳಿಗೆ ಹೋಗಬೇಕಾಗಿತ್ತು, ಸತ್ತುದನ್ನು ತೆಗೆಯದೆ ಹೋದೆ. ಅವು ಕೊಳೆತು ಅಮೋನಿಯಾ ಏರಿತು. ಮೂರನೆಯ ದಿನ ಎರಡು ಮೀನೂ ಸತ್ತವು.

ಲೆಕ್ಕ ಹಾಕಿ ನೋಡಿದೆ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಮೀನಿನ ರೋಗಕ್ಕೆ ಔಷಧಿಯಾಗಿ ಬಳಸುವ ಅಳತೆಯ ತಾಮ್ರವೂ ಸೀಗಡಿಗೆ, ಬಸವನಹುಳುವಿಗೆ ವಿಷ. 150 ಲೀಟರಿಗೆ ಆ ಅಳತೆ ಮುಟ್ಟಲು ಒಂದು ಗ್ರಾಂ ಮೈಲುತುತ್ತದ ಎಂಟನೆಯ ಒಂದು ಪಾಲು ಸಾಕು. ಡ್ರಮ್ಮಿನ ಸಂದಿಯಲ್ಲಿ ಅಷ್ಟು ಉಳಿದಿರಲಾರದೆ? ಕಲ್ಲುಗಳೂ ತಾಮ್ರವನ್ನು ಹೀರಿಕೊಂಡಿರುತ್ತವೆ ಎಂದು ಅವನ್ನೂ ಎಸೆದೆ. ಐದು ತಿಂಗಳ ಕೆಲಸ ಒಂದು ಡ್ರಮ್ಮಿನಿಂದ ಹೋಯಿತು.

ಆದುದರಿಂದ ಕಟ್ಟುನಿಟ್ಟಾಗಿ ನೆನಪಿಡಿ: ತಾಮ್ರದ ಕೊಡ, ಹಿತ್ತಾಳೆಯ ಬಿಂದಿಗೆ ಬೇಡ. ಔಷಧಿ, ಗೊಬ್ಬರ, ಸೋಪು ಮುಟ್ಟಿದ ಯಾವ ಪಾತ್ರೆಯೂ ಬೇಡ. ತೊಟ್ಟಿಯ ಬಾಲ್ದಿ, ಡ್ರಮ್ಮುಗಳಿಗೆ ಬಣ್ಣದ ಗುರುತು ಹಾಕಿ ಬೇರೆ ಇಡಿ. ಔಷಧಿ ಸಿಂಪಡಿಸಿ ಬಂದವರು ಸ್ನಾನ ಮಾಡಿದ ಮೇಲೂ ಆ ದಿನ ತೊಟ್ಟಿಗೆ ಕೈ ಹಾಕುವುದು ಬೇಡ.

9. ಮಳೆಗಾಲದ ಸಿದ್ಧತೆ

ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಸುಮಾರು 17 ವಾರ. ವಾರಕ್ಕೆ 15 ಲೀಟರಿನಂತೆ 255 ಲೀಟರ್ ಕಡಲ ನೀರು ಬೇಕು. 200 ಲೀಟರಿನ ಎರಡು ಡ್ರಮ್ಮು ಮೇ ತಿಂಗಳಲ್ಲೇ ತುಂಬಿಟ್ಟರೆ ಆಪತ್ತಿಗೂ ಸ್ವಲ್ಪ ಉಳಿಯುತ್ತದೆ. ಕಟ್ಟಿಗೆ ಒಟ್ಟುವಂತೆಯೇ ಇದೂ ಒಂದು ಮಳೆಗಾಲದ ದಾಸ್ತಾನು.

ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಬ್ಯಾಟರಿಯ ಗಾಳಿ ಪಂಪು ಒಂದು ತಪ್ಪದೆ ಇರಲಿ. ಅದೂ ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಚೆಂಬಿನಿಂದ (ಸ್ಟೀಲು ಅಥವಾ ಪ್ಲಾಸ್ಟಿಕ್) ತೊಟ್ಟಿಯ ನೀರನ್ನು ಎತ್ತಿ ಮೇಲಿನಿಂದ ಸುರಿಯಿರಿ, ಗಾಳಿ ಬೆರೆಯುತ್ತದೆ. ಕರೆಂಟು ಬರುವವರೆಗೆ ಆಹಾರ ಹಾಕಬೇಡಿ. ಎರಡು ಮೂರು ದಿನದ ಉಪವಾಸದಿಂದ ಮೀನು ಸಾಯುವುದಿಲ್ಲ, ಉಸಿರುಗಟ್ಟಿ ಸಾಯುತ್ತದೆ.

10. ಲಾಭದ ಮಾತು

ಮೊದಲ ವರ್ಷ ಲಾಭವಿಲ್ಲ, ಖರ್ಚು ಮಾತ್ರ. ಜೋಡಿ ಬಲಿತ ಮೇಲೆ ಒಂದು ಮಣ್ಣಿನ ಮಡಕೆಯ ಚೂರನ್ನು ತೊಟ್ಟಿಯಲ್ಲಿ ಓರೆಯಾಗಿಟ್ಟರೆ ಅದರ ಮೇಲೆ ಮೊಟ್ಟೆ ಇಡುತ್ತದೆ. ಗಂಡು ಮೀನು ರೆಕ್ಕೆ ಬೀಸುತ್ತ ಕಾಯುತ್ತದೆ. ಸುಮಾರು ಏಳೆಂಟು ದಿನಕ್ಕೆ, ಕತ್ತಲಾದ ಮೇಲೆ, ಮರಿ ಹೊರಬರುತ್ತದೆ. ಕಷ್ಟ ಇರುವುದು ಇಲ್ಲಿಂದ ಮುಂದೆ. ಆ ಮರಿಗೆ ರೋಟಿಫರ್ ಎಂಬ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಯೇ ಆಹಾರ. ಅದನ್ನು ಬೆಳೆಸಲು ಹಸಿರು ಪಾಚಿ ನೀರು ಬೇಕು. ಇದು ಕಾಗದದ ಮೇಲೆ ಕಲಿಯುವ ವಿದ್ಯೆಯಲ್ಲ. 1947 ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಮಾಡುವ ಕ್ರಮವನ್ನು ರೂಢಿಗೆ ತಂದಿದೆ. ಕಾರವಾರ ಮತ್ತು ಮಂಗಳೂರಿನಲ್ಲಿ ಅದರ ಕೇಂದ್ರಗಳಿವೆ. ಅಲ್ಲಿ ವಿಚಾರಿಸಿ, ಕೈಯಾರೆ ಕಲಿತ ಮೇಲೆಯೇ ಹಣ ಹೂಡಿ. ಮಾರುವ ದಾರಿ ಯಾವುದೆಂದು ಅದಕ್ಕೂ ಮೊದಲೇ ಕೇಳಿಕೊಳ್ಳಿ.

ಕೆಲಸದ ಪಂಚಾಂಗ ಹೀಗಿರಲಿ: ಡಿಸೆಂಬರಿನಲ್ಲಿ ಕಲ್ಲು ಎರಕ, ಫೆಬ್ರವರಿಯಲ್ಲಿ ನೀರು, ಏಪ್ರಿಲಿನಲ್ಲಿ ಮೀನು, ಮೇ ತಿಂಗಳಲ್ಲಿ ಮಳೆಗಾಲದ ದಾಸ್ತಾನು.

ಆ ಸಂಘದ ಅಕ್ಕನಿಗೆ ನನ್ನ ಮಾತು ಇದು: ಉಳಿತಾಯದ ಹಣ ಹತ್ತು ಮನೆಯವರ ಬೆವರು. ಅದರಲ್ಲಿ ಒಂದು ತೊಟ್ಟಿಯ ಪಾಲು ಮಾತ್ರ ತೆಗೆಯಿರಿ. ಹೊಲ ಹದ ಮಾಡದೆ ಬೀಜ ಬಿತ್ತುವವರು ನೀವಲ್ಲ. ನೀರನ್ನೂ ಹಾಗೆಯೇ ಹದ ಮಾಡಿ. ಮುಂದಿನ ಬೇಸಗೆಯಲ್ಲಿ ಆ ಎರಡು ಮೀನು ಈಜುತ್ತಿದ್ದರೆ ನಾನೇ ಬಂದು ಎರಡನೆಯ ತೊಟ್ಟಿಗೆ ಕಲ್ಲು ಎರಕ ಹೊಯ್ದು ಕೊಡುತ್ತೇನೆ.

ಸಂಘಗಳಲ್ಲಿ ಚರ್ಚಿಸತಕ್ಕ ಪ್ರಶ್ನೆಗಳು

1. ನೀರು ತುಂಬಿದ ಕೂಡಲೆ ಮೀನು ಬಿಟ್ಟರೆ ಏಕೆ ಸಾಯುತ್ತದೆ?
2. ಆವಿಯಾದ ನೀರಿನ ಬದಲು ಸಿಹಿ ನೀರನ್ನೇ ಏಕೆ ಸೇರಿಸಬೇಕು?
3. ನಿಮ್ಮ ಮನೆಯಲ್ಲಿ ಮೈಲುತುತ್ತ ಮುಟ್ಟಿದ ಪಾತ್ರೆಗಳು ಯಾವುವು? ಅವು ಎಲ್ಲಿವೆ?
4. ಹವಳದ ಕಲ್ಲನ್ನು ಯಾರಾದರೂ ಮಾರಲು ತಂದರೆ ಏನು ಹೇಳುತ್ತೀರಿ?